ಬೆನ್ನೆಲುಬಿಗೆ ಸಿಮೆಂಟು: ಒಂದು ಆಕ್ಷೇಪ

ಮಾಲೂರಿನ ಹೆಂಚು ಬಿರುಕು ಬಿಟ್ಟರೆ ಸಿಮೆಂಟು ಮೆತ್ತುತ್ತೇವೆ. ಕುಸಿದ ಕಶೇರುಮಣಿಗೆ ಸೂಜಿಯ ಮೂಲಕ ಸಿಮೆಂಟು ತುಂಬುವ 'ವರ್ಟಿಬ್ರೊಪ್ಲಾಸ್ಟಿ'ಯನ್ನೂ ಜನಪ್ರಿಯ ಲೇಖನಗಳು ಹೀಗೆಯೇ ವಿವರಿಸುತ್ತವೆ. ಹೋಲಿಕೆ ಸುಲಭ, ಆದರೆ ದಾರಿ ತಪ್ಪಿಸುತ್ತದೆ. ಈ 'ಸಿಮೆಂಟು' ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ಗಟ್ಟಿಯಾಗುವಾಗ ಶಾಖ ಹೊಮ್ಮಿಸುತ್ತದೆ. 1984ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಮೊದಲು ತುಂಬಿದ್ದು ರಕ್ತನಾಳಗಳ ಗಡ್ಡೆ ಕೊರೆದಿದ್ದ ಕುತ್ತಿಗೆಯ ಮಣಿಗೆ.

ಮಣಿ ಏಕೆ ಕುಸಿಯಿತೆಂದು ಮೊದಲು ಕೇಳಿ. ಕ್ಷಯದ ಸೋಂಕಿದ್ದರೆ ಔಷಧಿಯೇ ಮುಖ್ಯ. ಅಲ್ಲಿ ಸಿಮೆಂಟು ತುಂಬುವಂತಿಲ್ಲ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ನಲ್ಲಿ, 2009ರ ಎರಡು ಪ್ರಯೋಗಗಳು ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ಮಾತ್ರ, ಬಲೂನು ಉಬ್ಬಿಸಿ ಸಿಮೆಂಟು ತುಂಬಿದ 2011ರ ಪ್ರಯೋಗದಲ್ಲಿ ನೋವು ಇಳಿದು ಓಡಾಟ ಸುಧಾರಿಸಿತು. ಗಡ್ಡೆಗೆ ಚಿಕಿತ್ಸೆ ಬೇರೆಯೇ ಬೇಕು. ಅಂದಹಾಗೆ, ಆ ಪ್ರಯೋಗದಲ್ಲಿ ಹೋಲಿಕೆಗೆ ಹುಸಿ ಚಿಕಿತ್ಸೆಯ ಗುಂಪು ಇರಲಿಲ್ಲ.