ಹೊಟ್ಟೆಗೆ ಕಿವಿಗೊಡುವ ಕೊಳವೆ

1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದ ಮೇಲೆ ಜಾಲಹಳ್ಳಿ ಯಂತ್ರಗಳನ್ನು ನಂಬಿ ಬೆಳೆದ ಊರು. ಇಂಥ ಊರಿನಲ್ಲೂ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಿಸುವ, ಹೆರಿಗೆ ಕೋಣೆಯ ಫೀಟೋಸ್ಕೋಪನ್ನು ಮೆಚ್ಚಲು ಗಟ್ಟಿ ಕಾರಣವಿದೆ. ಫ್ರಾನ್ಸಿನ ಅಡೋಲ್ಫ್ ಪಿನಾರ್ 1895ರಲ್ಲಿ ರೂಪಿಸಿದ ಈ ತುತ್ತೂರಿಯಾಕಾರದ ಕೊಳವೆಗೆ ಕರೆಂಟು ಬೇಡ. ಬೇಕಾದದ್ದು ನರ್ಸಿನ ಕಿವಿ, ಮಗುವಿನ ಬೆನ್ನು ಯಾವ ಕಡೆಗಿದೆಯೆಂದು ತಡವಿ ತಿಳಿಯುವ ಕೈ. ನೋವು ಬಂದಾಗ ಗರ್ಭಕೋಶದ ಸ್ನಾಯು ಬಿಗಿದು, ಮಾಸಿಗೆ ಹೋಗುವ ತಾಯಿಯ ರಕ್ತ ತುಸುಹೊತ್ತು ಕಡಿಮೆಯಾಗುತ್ತದೆ. ಶಿಶುವಿನ ಹಿಮೋಗ್ಲೋಬಿನ್ ದೊಡ್ಡವರದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುವುದರಿಂದ ಆರೋಗ್ಯವಂತ ಶಿಶು ಇದನ್ನು ತಾಳಿಕೊಳ್ಳುತ್ತದೆ. ತಾಳಲಾರದ ಶಿಶುವಿನ ಸುಳಿವು ಹೆಚ್ಚಾಗಿ ಸಿಗುವುದು ನೋವು ಇಳಿದ ಕೂಡಲೇ. ಅದಕ್ಕೇ ನುರಿತ ನರ್ಸ್ ಆ ಹೊತ್ತಿನಲ್ಲೇ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. 110ರಿಂದ 160 ಬಡಿತ ಸಹಜ. ಜೊತೆಗೆ ತಾಯಿಯ ನಾಡಿಯನ್ನೂ ಹಿಡಿದಿರುತ್ತಾಳೆ, ಅಮ್ಮನ ಬಡಿತವನ್ನು ಮಗುವಿನದೆಂದು ಎಣಿಸಬಾರದಲ್ಲ.

ಬಿಡದೆ ಬಡಿತ ದಾಖಲಿಸುವ ಸಿಟಿಜಿ ಯಂತ್ರವಿರುವಾಗ ಇದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸುಮಾರು 13,000 ಹೆರಿಗೆಗಳನ್ನು ಒಳಗೊಂಡು 1985ರಲ್ಲಿ ಪ್ರಕಟವಾದ ಡಬ್ಲಿನ್ ಅಧ್ಯಯನದಲ್ಲಿ ಯಂತ್ರ ನವಜಾತ ಶಿಶುಗಳ ಸೆಳವನ್ನು ಕಡಿಮೆ ಮಾಡಿತು, ಸಾವನ್ನಲ್ಲ. ಅಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಯಂತ್ರ ಬಳಸಿದಲ್ಲಿ ಸಿಸೇರಿಯನ್ ಹೆಚ್ಚಿದ್ದೂ ಕಂಡಿತು. ತಾಯಿಗೆ ರಕ್ತದೊತ್ತಡ ಏರಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಯಂತ್ರವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ತೊಡಕಿಲ್ಲದ ಹೆರಿಗೆಗೆ ಮಾತ್ರ ಈ ಕೊಳವೆ ಸಾಕು. ಆದರೆ ಮಗು ಹೊರಬರುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಆಲಿಸಬೇಕಾದ ನರ್ಸಿಗೆ ಐದಾರು ತಾಯಂದಿರನ್ನು ಒಪ್ಪಿಸಿದರೆ ಯಾವ ಕೌಶಲವೂ ನಿಲ್ಲದು. ನಮ್ಮ ಹೆರಿಗೆ ಆಸ್ಪತ್ರೆಗಳು ಹೊಸ ಯಂತ್ರಕ್ಕೆ ಹಣ ತೆಗೆದಿಡುವ ಮೊದಲು ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ನೇಮಿಸಲಿ.