ಸೇರಿನ ಮೇಲೊಂದು ಹಿಡಿ ಕೊಸರು

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಈಗ ಅದು ಹಲವು ದಿನ ನಡೆಯುತ್ತದಾದರೂ ಸೋಮವಾರದ ಕಳೆಯೇ ಬೇರೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಾಯಿಯ ರಾಶಿ, ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತ ರೈತರು, ವ್ಯಾಪಾರಿಗಳು.

ನನಗೆ ಇಷ್ಟವಾದದ್ದು ಅಳೆಯುವ ಸೊಗಸು. ಸೇರನ್ನು ರಾಶಿಗೆ ಒತ್ತಿ, ಗೋಪುರವಾಗುವಂತೆ ತುಂಬಿ, ಚೀಲಕ್ಕೆ ಸುರಿದ ಮೇಲೂ "ಇರಲಿ ತಗೊಳ್ಳಿ ಅಕ್ಕಾ" ಎಂದು ಒಂದು ಹಿಡಿ ಕೊಸರು. ಜಯನಗರದ ಯಾವ ಸೂಪರ್ ಮಾರ್ಕೆಟ್ಟಿನ ತಕ್ಕಡಿಗೂ ಈ ಕೈಗುಣವಿಲ್ಲ. ಪಕ್ಕದಲ್ಲೇ ಬಾಣಲೆಯ ಕಾದ ಮರಳಿನಲ್ಲಿ ಕಾಯಿ ಹುರಿಯುತ್ತಿರುತ್ತದೆ; ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ, ಒಳಗಿನ ಬೀಜ ಹದವಾಗಿ ಬೆಂದಿರುತ್ತದೆ. ಹಸಿಕಾಯಿ ಬೇಯಿಸಿ ತಿನ್ನುವವರ ಪಂಗಡ ಬೇರೆ. ನಾನು ಹುರಿದದ್ದರ ಪಕ್ಷ.

ಇಲ್ಲಿ ಹಿಂದೆ ಸುಂಕೇನಹಳ್ಳಿ ಎಂಬ ಊರಿತ್ತು. ಬಸವ ಕಡಲೆಕಾಯಿ ಬೆಳೆ ಮೇಯ್ದು ಹಾಳುಮಾಡುತ್ತಿದ್ದನೆಂದು ರೈತರು ಮೊದಲ ಫಸಲನ್ನು ಅವನಿಗೇ ಒಪ್ಪಿಸಿದರೆಂಬುದು ಕಥೆ. ಇಲ್ಲಿನ ಬಸವನ ಗುಡಿ ಕಟ್ಟಿಸಿದವರು 16ನೇ ಶತಮಾನದ ಕೆಂಪೇಗೌಡರೆಂಬ ನಂಬಿಕೆ. ಕಡಲೆಕಾಯಿಯ ತವರು ಮಾತ್ರ ದಕ್ಷಿಣ ಅಮೆರಿಕ! ಕಡಲು ದಾಟಿ ಬಂದ ಕಾಯಿ ನಮ್ಮ ಬಸವನ ನೈವೇದ್ಯವಾದದ್ದಕ್ಕೆ ಇತಿಹಾಸಕಾರರು ಹುಬ್ಬೇರಿಸಲಿ, ಭಕ್ತರಿಗೆ ತಕರಾರಿಲ್ಲ.

ಬಿಟಿಎಂ, ಜೆಪಿ ನಗರದವರು ಕಾರು ತರುವ ಸಾಹಸ ಬೇಡ. ನ್ಯಾಷನಲ್ ಕಾಲೇಜು ಮೆಟ್ರೊದಲ್ಲಿ ಇಳಿದು ನಡೆಯಿರಿ. ಬಟ್ಟೆ ಚೀಲ ಮರೆಯಬೇಡಿ. ದಯವಿಟ್ಟು ಚೌಕಾಸಿ ಮಾಡಬೇಡಿ.