ಕಾರಿನ ಹೊಟ್ಟೆಯಡಿಯ ಕೊಳವೆ

2005ರಿಂದ 2014ರವರೆಗಿನ ಹೆಚ್ಚಿನ ಫೋರ್ಡ್ ಮಸ್ಟಾಂಗ್‌ಗಳ ಹೊಟ್ಟೆಯಡಿ ಇರುವುದು ಎರಡು ತುಂಡಿನ ಉಕ್ಕಿನ ಡ್ರೈವ್ ಶಾಫ್ಟ್, ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಕೊಳವೆ. ನಡುವೆ ಬೇರಿಂಗಿನ ಆಸರೆ. ಅಮೆರಿಕದ ಎಷ್ಟೋ ಕಾರುಪ್ರೇಮಿಗಳು ಅದನ್ನು ಕಳಚಿ ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟ್ ಕೂರಿಸುತ್ತಾರೆ. ತೂಕ ಕಿಲೋಗಟ್ಟಲೆ ಇಳಿಯುತ್ತದೆ. ಆದರೆ ನನ್ನನ್ನು ಬೆರಗುಗೊಳಿಸುವುದು ಆ ಕೊಳವೆಯ ವ್ಯಾಸ. ಉದ್ದನೆಯ ಶಾಫ್ಟ್ ಒಂದು ವೇಗ ದಾಟಿದರೆ ಸ್ಕಿಪ್ಪಿಂಗ್ ಹಗ್ಗದಂತೆ ಬಾಗಿ ಅದುರುತ್ತದೆ. ವ್ಯಾಸ ಹಿಗ್ಗಿಸಿದರೆ ಆ ಅಪಾಯದ ವೇಗ ಮೇಲಕ್ಕೆ ಸರಿಯುತ್ತದೆ. ಹಗುರವೂ ಆಗಬೇಕು, ಬಿಗಿಯೂ ಇರಬೇಕು. ಎಂಥ ಚೆಂದದ ಲೆಕ್ಕ!

ಸಸ್ಪೆನ್ಷನ್ ಬದಲಿಸಿ ಕಾರನ್ನು ನೆಲದತ್ತ ತಗ್ಗಿಸಿದಾಗ ಹಿಂದಿನ ಆಕ್ಸಲ್‌ನ ಕೋನವೂ ಬದಲಾಗುತ್ತದೆ. ಶಾಫ್ಟ್‌ನ ತುದಿಯ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ವೇಗ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಎರಡೂ ತುದಿಯ ಕೋನಗಳು ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗಿಹಾಕುತ್ತದೆ. ಇಲ್ಲದಿದ್ದರೆ ಹೆದ್ದಾರಿಯಲ್ಲಿ ಇಡೀ ಕಾರು ಗುಂಯ್‌ಗುಡುತ್ತದೆ. ಅದಕ್ಕೇ ಆಕ್ಸಲ್ ಹಿಡಿದಿಡುವ, ಹೊಂದಿಸಬಹುದಾದ ಕಂಟ್ರೋಲ್ ಆರ್ಮ್ ಹಾಕಿ, ಕೋನಮಾಪಕ ಹಿಡಿದು, ಅರ್ಧ ಡಿಗ್ರಿಗಾಗಿ ನೆಲಕ್ಕೆ ಬೆನ್ನು ಹಚ್ಚಿ ದುಡಿಯುವ ಕೈಗಳಿಗೆ ನನ್ನ ಪೂರ್ತಿ ಗೌರವ. ಶಾಫ್ಟ್ ಬದಲಿಸುವವರೇ, ಕೋನ ಅಳೆಯುವಾಗ ಕಾರಿನ ಭಾರವೆಲ್ಲ ಚಕ್ರಗಳ ಮೇಲೇ ಇರಲಿ.